ಉಂಡಿಗೊಂದು ಜೊತಿ

ಶುಭದಾಳ ಸಿಟ್ಟು ಒಂದು ಗಿನಿಪಿಗ್ ಸಲುವಾಗಿ ಉಕ್ಕಿತು ಅಂದ್ರ ಖೂಬಾ ಪ್ಲಾಟ್ ಓಣಿ ಮಂದಿ ಇವತ್ತಿಗೂ ನಗ್ತಾರ. ನಗಲಿ. ಆ ಸಿಟ್ಟಿಗೆ ಆಗಲೇ ಒಂಬತ್ತು ವರ್ಷ ವಯಸ್ಸಾಗಿತ್ತು ಅನ್ನೋದು ನಗೋರಿಗೆ ಏನು ಗೊತ್ತು?

ಗಿನಿಪಿಗ್ ನೋಡಿಲ್ಲದವರು ತಿಳ್ಕೋರಿ, ಅದು ಇಲಿಗಿಂತ ದೊಡ್ಡದು, ಮೊಲಕ್ಕಿಂತ ಸಣ್ಣದು, ಬಾಲ ಅಂತೂ ಇಲ್ಲೇ ಇಲ್ಲ. ಶುಭದಾಳ ಅಣ್ಣ ಮುಕುಂದ ತನ್ನ ಮಗಳು ಪ್ರೇರಣಾಗ ಅಂತ ಎರಡು ತಂದಿದ್ದ. ಅವುಗಳ ಹೆಸರು ಉಂಡಿ, ಚಕ್ಲಿ, ಎರಡೂ ಹೆಣ್ಣು. ಪ್ರೇರಣಾ ಹತ್ತು ದಿನ ಆಡಿಸಿ ಕೈಬಿಟ್ಟಳು. ಪಂಜರ ಬಳಿಯೋದು, ಹುಲ್ಲು ಹಾಕೋದು, ಸೌತಿಕಾಯಿ ಹೆಚ್ಚಿ ಕೊಡೋದು ಎಲ್ಲಾ ಆತ್ಯಾ ಶುಭದಾಳ ಕೊರಳಿಗೆ ಬಿತ್ತು. ಆ ಮನ್ಯಾಗ ಯಾರಿಗೂ ಬ್ಯಾಡಾದ ಕೆಲಸ ಆಕಿ ಕೊರಳಿಗೇ ಬೀಳೋದು. ಇಪ್ಪತ್ತೊಂಬತ್ತಕ್ಕ ಗಂಡನ್ನ ಕಳಕೊಂಡು ತೌರಿಗೆ ಬಂದಾಕಿ, ಹಗಲೆಲ್ಲಾ ಕಾಲೇಜಿನ ಆಫೀಸಿನಾಗ ದುಡಿದು ಸಂಜಿಗೆ ಮತ್ತ ಮನ್ಯಾಗ ದುಡೀತಿದ್ದಳು.

ಶ್ರಾವಣದಾಗ ಚಕ್ಲಿ ಸತ್ತಿತು. ಉಂಡಿ ಮೂಲಿಗೆ ಮಾರಿ ಮಾಡಿ ಕೂತದ್ದು ಏಳಲೇ ಇಲ್ಲ, ಕೊತ್ತಂಬರಿ ಇಟ್ರೂ ಮೂಸಿ ನೋಡಲಿಲ್ಲ. ಜಾನುವಾರು ಡಾಕ್ಟರ್ ಅಂಬರೀನ್ ಅದನ್ನ ಎತ್ತಿ, ತೂಕ ಮಾಡಿ, ಹಲ್ಲು ನೋಡಿ, ರೋಗ ಏನೂ ಇಲ್ಲ ಅಂದ್ರು. ಈ ಪ್ರಾಣಿ ಒಂಟಿ ಬಾಳೋದಲ್ಲ, ಹೊಂದಿಕೊಳ್ಳೋ ಇನ್ನೊಂದು ಹೆಣ್ಣು ಜಲ್ದಿ ಹುಡುಕ್ರಿ, ಇಲ್ಲಂದ್ರ ಹಿಂಗೇ ಕೊರಗಿ ಹೋಗ್ತದ ಅಂತ ಹೇಳಿದ್ರು. ಮುಕುಂದನ ಕಣ್ಣಾಗ ನೀರು ಬಂತು. ಖರೇನೇ ಬಂತು, ಶುಭದಾ ಬಾಜೂಕೇ ನಿಂತು ನೋಡಿದಳು.

ಮುಕುಂದ ಪೌರೋಹಿತ್ಯದವ. ಆದ್ರ ಅವಗ ಹೆಸರು ಬಂದದ್ದು ಜೋಡಿ ಕೂಡಿಸೋದ್ರಾಗ. ತಿಂಗಳ ಮೊದಲನೇ ರವಿವಾರ ಮಠದ ಹಾಲ್‌ನಾಗ ಅವರ ಮಂದಿ ಕೂಡ್ತಾರ, ಮುಕುಂದ ವಧು-ವರರ ವಹಿ ತೆಗೆದು ದೊಡ್ಡ ದನಿಲೆ ಓದ್ತಾನ. ಮೊದಲು ಗೋತ್ರ, ಆಮ್ಯಾಲ ನಕ್ಷತ್ರ, ವಯಸ್ಸು, ನೌಕರಿ, ಅಪೇಕ್ಷೆ. ಹೆಸರು ಕಡೀಕ. ಹೆಸರು ಮೊದಲೇ ಓದಿದ್ರ ಅವರು ಇಂಥವರ ಪೈಕಿ, ಇವರ ಕಾಕಾ ಹಿಂಗ ಮಾಡಿದ್ದ ಅಂತ ಗುಸುಗುಸು ಶುರುವಾಗಿ ಮುಂದಿಂದು ಯಾರೂ ಕೇಳಂಗಿಲ್ಲ, ಅದಕ್ಕ. ಓದೋದು ಅಂವ, ಬರಿಯೋದು ಶುಭದಾ. ಆಕಿ ಅಕ್ಷರ ಅಷ್ಟು ಚಂದ. ಹೆಂಡತಿ ಬಿಟ್ಟುಹೋದವರದು, ಹೆಂಡತಿ ತೀರಿಕೊಂಡವರದು, ಐವತ್ತು ದಾಟಿ ಕೂದಲಕ್ಕ ಬಣ್ಣ ಹಚ್ಚಿದವರದು, ಎಲ್ಲರದೂ ಬರದಾಳ. ನಿನ್ನ ಹೆಸರೂ ಬರಿ ಅಂತ ಒಂಬತ್ತು ವರ್ಷದಾಗ ಒಬ್ಬರೂ ಅನ್ನಲಿಲ್ಲ. ಒಮ್ಮೆ ಅಂಜಿಕೋತ ಅಂಜಿಕೋತ ಆಕೀನೇ ಅಣ್ಣನ ಮುಂದ, ಅವ್ವ ಪಾರ್ವತೀಬಾಯಿ ಮುಂದ ಬಾಯಿ ಬಿಟ್ಟಿದ್ದಳು. ಅಣ್ಣ ಪಂಚಾಂಗ ಮುಚ್ಚಿ ಎದ್ದುಹೋದ. ಅವ್ವ, ನಿನಗೇನು ಕಡಿಮಿ ಮಾಡೀವಿ ಅಂತ ಎರಡು ದಿನ ಊಟ ಬಿಟ್ಟಳು.

ಈಗ ನೋಡ್ರಿ, ಉಂಡಿ ಸಲುವಾಗಿ ಮನಿಗೆ ಮನೀನೇ ಎದ್ದು ನಿಂತಿತು. ಮುಕುಂದ ಊರೆಲ್ಲಾ ಫೋನ್ ಹಚ್ಚಿದ. ಗಾಜಿಪುರದ ಅಂಗಡ್ಯಾಗ ಒಂದು ಬೆಳ್ಳನೆ ಹೆಣ್ಣು ಸಿಕ್ಕಿತು. ರಾಹುಕಾಲ ಕಳದ ಮ್ಯಾಲ ಶುಭದಾ ಅದನ್ನ ಬುಟ್ಟ್ಯಾಗ ಹಾಕ್ಕೊಂಡು ಬಂದು ಹೊಸ್ತಿಲದಾಗ ನಿಂತಳು. ಮನಿಗೆ ಹೊಸಾ ಜೀವ ಬರಾಕತ್ತದ, ಹಂಗೇ ಒಳಗ ತಗೋಬಾರದು ಅಂತ ಅವ್ವ ಆರತಿ ತಟ್ಟಿ ತಂದಳು. ತಂದು, ಶುಭದಾಳ ಕೈಯಾಗಿನ ಬುಟ್ಟಿ ಇಸಕೊಂಡು ವೈನಿ, ಅಂದ್ರ ಮುಕುಂದನ ಹೆಂಡತಿ ಕೈಯಾಗ ಕೊಟ್ಟಳು. ಆರತಿ ಹೊತ್ತಿಗೆ ಬುಟ್ಟಿ ಹಿಡಿಯಾಕ ಮುತ್ತೈದಿನೇ ಬೇಕಂತ. ಒಂದು ಗಿನಿಪಿಗ್ಗಿನ ಆರತಿಗೆ ರೀ. ಶುಭದಾ ಹಲ್ಲು ಕಚ್ಚಿ ಬಾಜೂಕ ಸರದಳು.

ಕುಂಕುಮ ಹಚ್ಚಿಸಿಕೊಂಡ ಆ ಬೆಳ್ಳನೆ ಪ್ರಾಣೀನ್ನ ಹೊಸಾ ಸೊಸಿ ಮನಿ ತುಂಬಿಸಿದಂಗ ನೇರ ಉಂಡಿ ಪಂಜರದೊಳಗೇ ಬಿಟ್ರು. ಉಂಡಿ ಹಾರಿ ಬಿದ್ದು ಅದರ ಬೆನ್ನು ಕಚ್ಚಿತು. ರಕ್ತ ನೋಡಿ ಪ್ರೇರಣಾ ಅಳಾಕತ್ತಳು. ಬೆಳ್ಳನೇದನ್ನ ಔಷಧ ಹಚ್ಚಿ ಹೊಳ್ಳಿ ಕೊಟ್ಟು ಬಂದ್ರು, ಉಂಡಿ ಮತ್ತ ಮೂಲಿ ಹಿಡೀತು. ಈ ಸಲ ಬೆನ್ನೆಲುಬು ಕೈಗೆ ಹತ್ತುವಷ್ಟು ಸೊರಗಿತ್ತು. ಇನ್ನ ನಾಕು ದಿನ ಅಂತ ಶುಭದಾಗ ಗೊತ್ತಾತು.

ಡಾಕ್ಟರ್ ಅಂಬರೀನ್ ಕಡೀಕ ಕಮಲಾಪುರದ ಪುತಳಾಬಾಯಿ ಹೆಸರು ಹೇಳಿದ್ರು. ಬಾಳಿ ತೋಟದ ಹಿಂದ ಮೊಲ, ಗಿನಿಪಿಗ್ ಸಾಕಿದ ಹೆಣ್ಣುಮಗಳು. ಉಂಡಿ ಬ್ಯಾರೆ ಯಾರ ಕೈಯಾಗೂ ಕೂಡಂಗಿಲ್ಲ ಅಂತ ಮುಕುಂದ ತಂಗೀನ್ನ ಕಾರಿನಾಗ ಕೂಡಿಸ್ಕೊಂಡು ಹೊಂಟ. ದಾರಿ ತುಂಬಾ, ಎಷ್ಟು ದೂರ ಆಗಲಿ, ಜೀವದ ಪ್ರಶ್ನಿ ಇದು ಅಂದಕೋತ ಹೊಂಟಿದ್ದ. ಶುಭದಾ ಕಿಡಕಿ ಹೊರಗ ನೋಡಿಕೋತ ಕೂತಳು. ಬಾಯಿ ತೆಗೆದ್ರ ಏನು ಬರ್ತದೋ ಅಂತ ಆಕಿಗೇ ಅಂಜಿಕಿ ಆಗಿತ್ತು.

ಪುತಳಾಬಾಯಿ ಬಾಳಿ ನೆರಳಿನಾಗ ಒಂದು ಹೊಸಾ ಗೋಣಿತಟ್ಟು ಹಾಸಿದಳು. ಮುಕುಂದ ಮೈ ಮಿಂಚೋ ಒಂದು ಕಂದು ಮರಿಗೆ ಬಟ್ಟು ಮಾಡಿ, ಇದು ಕೊಡವಾ ಅಂದ.

“ಆಚಾರ್ರ, ನೀವು ಆರಿಸಬ್ಯಾಡ್ರಿ,” ಅಂದಳು ಪುತಳಾಬಾಯಿ. “ಬಾಳೋದು ಅದು, ಅದೇ ಆರಿಸ್ಕೋತದ. ಈ ತಟ್ಟು ಯಾರ ಮನೀನೂ ಅಲ್ಲ, ಇಬ್ಬರಿಗೂ ಹೊಸಾ ಜಾಗಾ. ಇಲ್ಲಿ ಯಾರೂ ಯಾರ ಮ್ಯಾಲೂ ಜೋರು ಮಾಡಂಗಿಲ್ಲ.”

ಕಂದು ಮರಿ ಬಿಟ್ಟಾಗ ಉಂಡಿ ಹಲ್ಲು ಕಟಕಟ ಅನಿಸ್ತು. ಎರಡನೇದಕ್ಕ ಬೆನ್ನು ತಿರುವಿ ಕೂತಿತು. ಮೂರನೇದು ಹರದ ಕಿವಿಯ ಒಂದು ವಯಸ್ಸಾದ ಹೆಣ್ಣು, ಮುಕುಂದ ಅದನ್ನ ನೋಡೇ ಇರಲಿಲ್ಲ. ಅದು ಸಾವಕಾಶ ಬಂದು ಉಂಡಿ ಮೂಗಿಗೆ ಮೂಗು ತಾಕಿಸಿ ಬಾಜೂಕ ಮಕ್ಕೊಂಡಿತು. ಹೊತ್ತು ಹೋತು. ಉಂಡಿ ಕೊತ್ತಂಬರಿ ಕಡ್ಡಿ ಎಳಕೊಂಡು ಕರುಮ್ ಕರುಮ್ ತಿನ್ನಾಕತ್ತಿತು. ಶುಭದಾ ಪಿಚಕಾರಿಲೆ ಬಾಯಾಗ ಬಿಟ್ಟ ಗಂಜಿ ಬಿಟ್ರ, ಎಂಟು ದಿನದ ಮ್ಯಾಲ ಅದು ತಾನಾಗೇ ತಿಂದ ಮೊದಲನೇ ತುತ್ತು ಅದು.

ಮುಕುಂದ ಉತ್ತರೀಯದಿಂದ ಕಣ್ಣು ಒರಸಿಕೊಂಡ.

“ಪಾಪ, ಎಷ್ಟು ಸೊರಗಿತ್ತು ನೋಡು. ಒಂಟಿ ಇರೋದು ಆಗಂಗಿಲ್ಲ ಅಂತ ಬಾಯಿಲೆ ಹೇಳಲಿಕ್ಕೆ ಬರಂಗಿಲ್ಲ ಅದಕ್ಕ, ಮೂಕಪ್ರಾಣಿ.”

“ನನಗ ಬಾಯಿ ಇತ್ತಲ್ಲಣ್ಣಾ,” ಅಂದಳು ಶುಭದಾ. “ಹೇಳಿದ್ದೆ.”

ಮುಕುಂದ ಆಕಿ ಮಾರಿ ನೋಡಲಿಲ್ಲ. ಅದರ ಮಾತು ಬ್ಯಾರೆ, ನಿನ್ನ ಮಾತು ಬ್ಯಾರೆ ಅಂತ ಗೊಣಗಿಕೋತ ಕಾರಿನ ಕೀಲಿ ಹುಡುಕಾಕತ್ತಿದ. ಶುಭದಾಗ ಮೈಯೆಲ್ಲಾ ಉರೀತು. ಇಲಿ ಜಾತಿಯ ಪ್ರಾಣಿ ಅನ್ನ ಬಿಟ್ರ ಇವನ ಕರಳು ಚುರ್ ಅಂತದ, ಒಡಹುಟ್ಟಿದಾಕಿ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಊರ ಮಂದಿ ಲಗ್ನ ಬರದ್ರ ಅಕ್ಷರ ಚಂದ ಅಂತಾನ. ಮನಿ ಮುಟ್ಟೋತನ ಆಕಿ ತೊಡಿ ಮ್ಯಾಲಿನ ಬುಟ್ಟ್ಯಾಗ ಎರಡೂ ಒಂದಕ್ಕೊಂದು ಅಂಟಿ ನಿದ್ದಿ ಹೊಡೀತಿದ್ದವು.

ಮುಂದಿನ ತಿಂಗಳ ಮೊದಲನೇ ರವಿವಾರ ಮಠದ ಹಾಲ್ ತುಂಬಿತ್ತು, ಅವ್ವ ಮುಂದಿನ ಸಾಲಿನಾಗ ಕೂತಿದ್ದಳು. ಮುಕುಂದ ಎಂದಿನಂಗ ಸಾಲಿನ ಕೆಳಗ ಬಟ್ಟಿಟ್ಟು ಓದಿಕೋತ ಹೊಂಟ. ಕಡೀ ಹಾಳಿಗೆ ಬಂದ. ಕಾಶ್ಯಪ ಗೋತ್ರ, ಅನುರಾಧಾ ನಕ್ಷತ್ರ, ಮೂವತ್ತೆಂಟು ವರ್ಷ, ಕಾಲೇಜಿನ ಆಫೀಸಿನಾಗ ನೌಕರಿ. ಗಂಡ ತೀರಿ ಒಂಬತ್ತು ವರ್ಷ. ಅಲ್ಲಿಂದ ಅವನ ದನಿ ಇಳೀತು. ಆದ್ರ ಇಪ್ಪತ್ತು ವರ್ಷದ ರೂಢಿ, ನಾಲಿಗಿ ನಿಲ್ಲಲಿಲ್ಲ. ಅಪೇಕ್ಷೆ, ವರನ್ನ ನಾನೇ ನೋಡಿ ನಾನೇ ಆರಿಸ್ತೀನಿ, ಆರತಿ ಬ್ಯಾಡ.

ಹೆಸರಿನ ಮ್ಯಾಲ ಬಟ್ಟು ನಿಂತಿತು. ಮುಕುಂದ ವಹಿ ಮುಚ್ಚಾಕ ಹ್ವಾದ.

ಹಿಂದಿನ ಸಾಲಿನಾಗ ಶುಭದಾ ಎದ್ದು ನಿಂತಳು. “ಹೆಸರು ಓದಣ್ಣಾ.”

ಮಂದಿ ಎಲ್ಲಾ ತಿರುಗಿ ನೋಡಿದ್ರು. ಪಾರ್ವತೀಬಾಯಿ ಮಾತ್ರ ತಿರುಗಲಿಲ್ಲ. ಮುಕುಂದ ಗಂಟಲು ಕೆರಕೊಂಡು, ವಹಿಯೊಳಗೇ ಮಾರಿ ಇಟ್ಟು, ತುಟಿ ಅಲುಗಿಸಿ ಏನೋ ಅಂದ.

“ಕೇಳಲಿಲ್ಲ,” ಅಂದಳು ಶುಭದಾ. “ಇನ್ನೊಮ್ಮೆ.”