ಹನ್ನೆರಡು ಜನರ ಗಾಡಿ

ಮೂರನೆಯ ಸಲ ತಲೆ ಗಾಡಿಯ ಸೂರಿಗೆ ಬಡಿದಾಗ ಅವನು ಸೀಟಿನ ಅಂಚನ್ನು ಬಿಟ್ಟು ಮೇಲಿನ ಕಂಬಿಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡ. ಎದುರಿನ ಬೆಂಚಿನ ಮೇಲೆ ಯಾರೂ ಇರಲಿಲ್ಲ. ನಡುವೆ ನೆಲಕ್ಕೆ ಬಿಗಿದ ಸ್ಟ್ರೆಚರು. ಅದರ ಬೆಲ್ಟುಗಳು ಪ್ರತಿ ಕಲ್ಲಿಗೂ ಮೇಲೆದ್ದು ಚಟ್ಟನೆ ಬೀಳುತ್ತಿದ್ದವು.

"ಗಟ್ಟಿಯಾಗಿ ಹಿಡ್ಕೊಳ್ಳಿ ಸಾರ್, ಇನ್ನೂ ಏಳು ಕಿಲೋಮೀಟರ್ ಇದೆ!" ಮುಂದಿನ ಕಿಂಡಿಯಿಂದ ಡ್ರೈವರ್ ಕೂಗಿದ. ಅರವತ್ತರ ಹತ್ತಿರದ ಮನುಷ್ಯ, ಮಾತಿನ ಚಪಲದವನು. "ಈ ಆಂಬುಲೆನ್ಸ್ ಮಾಡಿದ ಪುಣ್ಯಾತ್ಮ ಭಾರಿ ಬುದ್ಧಿವಂತ. ಐದು ವರ್ಷ ಆಯ್ತು, ಸ್ಪ್ರಿಂಗಿನ ಒಂದು ಪಟ್ಟಿ ಮುರಿದಿಲ್ಲ. ಗಾಡಿ ಮುರಿಯಲ್ಲ, ಒಳಗಿರೋರ್ನ ಮುರಿಯುತ್ತೆ, ಅಷ್ಟೇ."

ಅವನು ಕಂಬಿಯನ್ನು ಇನ್ನಷ್ಟು ಬಿಗಿಹಿಡಿದ. ಆ ಪುಣ್ಯಾತ್ಮ ಅವನೇ ಆಗಿದ್ದ.

ಕಲ್ಲುಗಣಿಯವರು ಕಾರ್ಖಾನೆಗೆ ಬಂದು ಕೇಳಿದ್ದು ಇಷ್ಟೇ: ಬಂಡೆ ಕುಸಿದರೆ ಒಮ್ಮೆಗೇ ಹತ್ತು ಹನ್ನೆರಡು ಜನಕ್ಕೆ ಪೆಟ್ಟಾಗುತ್ತದೆ, ಅಷ್ಟೂ ಜನರನ್ನು ಒಂದೇ ಸಲ ಕೆಳಗಿಳಿಸುವ ಗಾಡಿ ಬೇಕು, ದಾರಿ ಎನ್ನುವಂಥದ್ದು ಅಲ್ಲಿಲ್ಲ. ಅವನು ನಾಲ್ಕು ತಿಂಗಳು ಕೂತು ಸಸ್ಪೆನ್ಷನ್ನಿನ ನಕ್ಷೆ ಬರೆದ. ಹಿಂದಿನ ಗಾಲಿಗಳ ಮೇಲೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಪಕ್ಕಕ್ಕೆ ಒಂಬತ್ತರಂತೆ. ಹನ್ನೆರಡು ಜನ ತುಂಬಿಕೊಂಡು ಅತಿ ಆಳದ ಗುಂಡಿಗೆ ಬಿದ್ದರೂ ಮುರಿಯಬಾರದು. ಮುರಿಯಲಿಲ್ಲ. ಪರೀಕ್ಷೆಯ ವರದಿಯಲ್ಲಿ, ತುಂಬಿದ ಗಾಡಿಯಲ್ಲಿ ಕುಲುಕಾಟ ಎಷ್ಟು, ಖಾಲಿ ಗಾಡಿಯಲ್ಲಿ ಎಷ್ಟು ಎಂದು ಎರಡು ಖಾನೆಗಳಿದ್ದವು. ಎರಡನೆಯದರಲ್ಲಿ ಅವನು 'ಅನ್ವಯಿಸುವುದಿಲ್ಲ' ಎಂದು ಬರೆದಿದ್ದ. ಖಾಲಿ ಗಾಡಿಯಲ್ಲಿ ನೋಯುವುದಕ್ಕೆ ಯಾರಿರುತ್ತಾರೆ? ಹನ್ನೆರಡು ಜನರ ಗಾಡಿಯಲ್ಲಿ ಒಬ್ಬನೇ ರೋಗಿ ಮಲಗಿದರೆ ಅದೂ ಖಾಲಿಯೇ ಎನ್ನುವುದು ಹೊಳೆಯಲೇ ಇಲ್ಲ. ಭಾರವಿಲ್ಲದೆ ಆ ಪಟ್ಟಿಗಳು ಬಾಗುವುದಿಲ್ಲ. ಬಾಗದ ಪಟ್ಟಿ ಕಲ್ಲಿನ ಪೆಟ್ಟನ್ನು ಹಾಗೆಯೇ ಮೇಲಕ್ಕೆ ದಾಟಿಸುತ್ತದೆ. ಈಗ ಅದು ಅವನ ಬೆನ್ನಿಗೇ ಅರ್ಥವಾಗುತ್ತಿತ್ತು.

ಮೇಲೆ ಗಣಿಯ ಆಸ್ಪತ್ರೆಯಲ್ಲಿ ಅವನ ಅಕ್ಕ ಮಲಗಿದ್ದಳು. ಗಣಿಯ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಟೀಚರು. ನಿನ್ನೆ ಬೆಂಚಿನ ಮೇಲೆ ಹತ್ತಿ ಗೋಡೆಗೆ ಭೂಪಟ ತೂಗುಹಾಕುವಾಗ ಜಾರಿ, ಹಿಂದಕ್ಕೆ ಬಿದ್ದು, ಮೇಜಿನ ಮೂಲೆಗೆ ಬೆನ್ನು ಹೊಡೆದುಕೊಂಡಿದ್ದಳು.

"ಬಂದ್ಯೇನೋ? ಏನಾದ್ರೂ ತಿಂದ್ಯಾ?" ಹಲಗೆಗೆ ಕಟ್ಟಿ ಮಲಗಿಸಿದ್ದ ಅಕ್ಕ ಸೂರನ್ನೇ ನೋಡುತ್ತ ಕೇಳಿದಳು.

"ತಿಂದೆ."

"ಸುಳ್ಳು. ಆ ಗಾಡೀಲಿ ತಿಂದಿದ್ದು ಹೊಟ್ಟೇಲಿ ನಿಲ್ಲಲ್ಲ." ನಕ್ಕಳು, ನಗು ಬೆನ್ನಿಗೆ ತಾಗಿ ಅರ್ಧಕ್ಕೇ ನಿಂತಿತು. "ನಮ್ಮ ತಮ್ಮ ಮಾಡಿದ್ದು ಅಂತ ಇಲ್ಲಿ ಯಾರಿಗೂ ಹೇಳಿಲ್ಲ ಕಣೋ. ಹೇಳಿದ್ರೆ ಇವರು ನನಗೆ ಹಾಲು ಕೊಡೋದೂ ನಿಲ್ಲಿಸ್ತಿದ್ರು."

"ನನಗಾದ್ರೂ ಹೇಳಬಹುದಿತ್ತಲ್ಲ ಅಕ್ಕಾ, ಹಿಂಗೆ ಎತ್ತಿಹಾಕುತ್ತೆ ಅಂತ?"

"ಎಷ್ಟು ಖುಷಿಯಿಂದ ಮಾಡಿದ್ದೆ. ಹೆಂಗೆ ಹೇಳ್ಲಿ?"

ಡಾಕ್ಟರಮ್ಮ ಅವನನ್ನು ಹೊರಗೆ ಕರೆದಳು. ಅಲ್ಲಿಗೆಲ್ಲ ಒಬ್ಬಳೇ ಡಾಕ್ಟರು. ರಾತ್ರಿ ನಿದ್ದೆಯಿಲ್ಲದ ಕಣ್ಣು. "ಬೆನ್ನುಮೂಳೆ ಬಿರುಕು ಬಿಟ್ಟಿದೆ. ಕಾಲಲ್ಲಿ ಸ್ಪರ್ಶ ಇನ್ನೂ ಇದೆ. ಊತ ಏರ್ತಾ ಇದೆ, ಸಂಜೆಯೊಳಗೆ ಕೆಳಗಿನ ದೊಡ್ಡಾಸ್ಪತ್ರೆ ಸೇರಬೇಕು. ಆದರೆ ದಾರೀಲಿ ಜೋರಾಗಿ ಒಂದು ಎಗರು ಎಗರಿದ್ರೂ ಕಾಲು ಸ್ವಾಧೀನ ತಪ್ಪಬಹುದು. ಹೊತ್ಕೊಂಡು ಹೋದ್ರೆ ಏಳು ಗಂಟೆ ಬೇಕು. ಅಷ್ಟು ಹೊತ್ತು ಅವರಿಗಿಲ್ಲ."

ಅವನು ಅಂಗಳಕ್ಕೆ ಬಂದು ಗಾಡಿಯ ಕೆಳಗೆ ಅಂಗಾತ ಮಲಗಿ ತಾನು ಬರೆದ ಪಟ್ಟಿಗಳನ್ನು ನೋಡಿದ. ಕೆಸರು ಮೆತ್ತಿದ್ದರೂ ಒಂಬತ್ತೂ ನೆಟ್ಟಗಿದ್ದವು. ಕಷ್ಟ ಬಂದಾಗ ದೇವರನ್ನು ಕೇಳುವುದು ಅವನಿಗೆ ಚಿಕ್ಕಂದಿನ ರೂಢಿ. ಇವತ್ತು ನಾಚಿಕೆಯಾಯಿತು. ತಾನೇ ಬರೆದದ್ದನ್ನು ತಿದ್ದಿಕೊಡು ಎಂದು ಯಾವ ಬಾಯಿಂದ ಕೇಳುವುದು?

ಡ್ರೈವರ್ ಬಗ್ಗಿ ನೋಡಿದ. "ಏನ್ ಸಾರ್, ಕೆಳಗೆ ಸೇರ್ಕೊಂಡ್ಬಿಟ್ರಿ?"

"ಈ ಗಾಡಿ ಮಾಡಿದ್ದು ನಾನೇ."

ಡ್ರೈವರ್ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಆಮೇಲೆ ಮೆಲ್ಲಗೆ ಕೇಳಿದ, "ಐದು ವರ್ಷದಲ್ಲಿ ಒಂದ್ಸಲಾನಾದ್ರೂ ಬಂದು ಹಿಂದೆ ಕೂತ್ಕೋಬಾರ್ದಿತ್ತಾ ಸ್ವಾಮಿ?" ಬೈದಿದ್ದರೆ ವಾಸಿಯಿತ್ತು. "ಹೋಗ್ಲಿ. ಎರಡು ಪಟ್ಟಿ ಬಿಚ್ಚಿ ಎಸೆಯೋಣ್ವಾ?"

"ದಾರೀಲಿ ಕುಸಿದಿರೋ ಮೋರಿ ಹತ್ರ ಉಳಿದದ್ದು ಮುರಿದ್ರೆ ಅಲ್ಲೇ ಕೂತ್ಕೋತೀವಿ. ಬೇಡ. ಭಾರ ಹಾಕ್ಬೇಕು. ಗಾಡಿ ತುಂಬಿದ್ರೆ ಪಟ್ಟಿ ಬಾಗುತ್ತೆ, ಬಾಗಿದ್ರೆ ಮೆತ್ತಗಾಗುತ್ತೆ."

"ಜಲ್ಲಿ ಮೂಟೆ ಬೇಕಾದಷ್ಟಿದೆ."

"ಮೂಟೆ ಜಾರಿ ಅಕ್ಕನ ಮೇಲೆ ಬಿದ್ರೆ? ಹಿಡ್ಕೊಂಡು ಕೂರೋ ಭಾರ ಬೇಕು. ಜನ ಬೇಕು."

ಡ್ರೈವರ್ ಶಾಲೆಯ ಗಂಟೆ ಬಾರಿಸಿದ. ಕಾಲು ಗಂಟೆಯಲ್ಲಿ ಅಂಗಳ ತುಂಬಿತು, ಕಲ್ಲಿನ ಧೂಳು ಮೆತ್ತಿದ ಮುಖಗಳು. ಟೀಚರಮ್ಮನಿಗೆ ಏನಾಯಿತು ಎಂದು ಕೇಳುವವರೇ ಎಲ್ಲ. ಅವನು ಸಾಲು ನಿಲ್ಲಿಸಿ ಒಬ್ಬೊಬ್ಬರನ್ನೂ ಕಣ್ಣಲ್ಲೇ ತೂಗಿದ. "ನಿಮ್ಮ ತೂಕ ಎಷ್ಟಮ್ಮಾ?"

ಜಲ್ಲಿ ಒಡೆಯುವ ಹೆಂಗಸು ಸೊಂಟದ ಮೇಲೆ ಕೈಯಿಟ್ಟಳು. "ಹೆಂಗಸರ ತೂಕ ಕೇಳೋ ಗಂಡಸನ್ನ ಇವತ್ತೇ ನೋಡಿದ್ದು!"

"ಹೇಳ್ಬಿಡೇ, ಟೀಚರಮ್ಮನಿಗೋಸ್ಕರ," ಎಂದ ಕ್ಯಾಂಟೀನಿನ ಅಡಿಗೆಯವನು. ಅವನ ಗಾತ್ರಕ್ಕೆ ಎಲ್ಲರೂ ಹಂಡೆ ಎಂದೇ ಕರೆಯುತ್ತಿದ್ದರು. "ನನ್ನನ್ನ ಇಬ್ಬರು ಅಂತ ಬರ್ಕೊಳ್ಳಿ ಸಾರ್. ಇಷ್ಟು ದಿನ ತಿಂದಿದ್ದು ಇವತ್ತು ಉಪಯೋಗಕ್ಕೆ ಬಂತು."

ಎಂಟು ಜನ ಹತ್ತಿದರು. ಅವನು ಟೈರಿನ ಗಾಳಿಯನ್ನೂ ಸ್ವಲ್ಪ ಬಿಟ್ಟ. ಅಕ್ಕನನ್ನು ಹಲಗೆಸಮೇತ ಸ್ಟ್ರೆಚರಿಗೆ ಬಿಗಿದರು. ಡಾಕ್ಟರಮ್ಮ ಅವಳ ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಕೂತಳು. "ನನ್ನ ಕೈ ಇಲ್ಲಿಂದ ತೆಗೆಯೋ ಹಾಗಿಲ್ಲ. ಕಾಲು ನೀವು ನೋಡ್ಕೊಳ್ಳಿ. ಆಗಾಗ ಬೆರಳು ಮುಟ್ಟಿ ಯಾವುದು ಅಂತ ಕೇಳ್ತಿರಿ. ಗೊತ್ತಾಗದೆ ಹೋದ್ರೆ ನನಗೆ ಹೇಳಿ."

"ಹೇಳಿದ್ರೆ ಏನ್ ಮಾಡ್ತೀರಿ?"

"ಗಾಡೀಲಿ ಏನೂ ಮಾಡೋಕಾಗಲ್ಲ. ಗೊತ್ತಿರಬೇಕು, ಅಷ್ಟೇ," ಎಂದಳು ಡಾಕ್ಟರಮ್ಮ.

ಗಾಡಿ ಹೊರಟಿತು. ಮೊದಲ ಕಲ್ಲುಗಳಿಗೇ ಅವನಿಗೆ ತಿಳಿಯಿತು: ಲೆಕ್ಕ ಸರಿಯಾಗಿತ್ತು. ಬರುವಾಗ ಎತ್ತಿ ಒಗೆದ ಗಾಡಿ ಈಗ ಪ್ರತಿ ಕಲ್ಲಿಗೂ ಉಸಿರು ಬಿಟ್ಟ ಹಾಗೆ ಕುಸಿದು, ನಿಧಾನವಾಗಿ ಏಳುತ್ತಿತ್ತು. ಅವನು ಅಕ್ಕನ ಬಲಗಾಲಿನ ಹೆಬ್ಬೆರಳು ಒತ್ತಿದ. "ಇದು?"

"ಹೆಬ್ಬೆರಳು. ಟೀಚರಿಗೇ ಪರೀಕ್ಷೆ ಇಡ್ತೀಯೇನೋ?"

"ಇದು?"

"ಅದರ ಪಕ್ಕದ್ದು."

"ಟೀಚರಮ್ಮ ಪಾಸು!" ಎಂದ ಹಂಡೆ. ಎಲ್ಲರೂ ನಕ್ಕರು. ಹೀಗೆ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಬಲಗಾಲು ಮುಗಿದರೆ ಎಡಗಾಲು, ಮತ್ತೆ ಬಲಗಾಲು. ಬೆರಳೊಂದೂ ತಪ್ಪಿಹೋಗದಂತೆ ಅವನು ಸಾಲಾಗಿ ಕೇಳುತ್ತ ಬಂದ. ಅವಳು ಸಾಲಾಗಿ ಹೇಳುತ್ತ ಬಂದಳು.

ಏಳನೆಯ ಕಿಲೋಮೀಟರಿನಲ್ಲಿ ಆ ಕುಸಿದ ಮೋರಿ ಬಂತು. ಡ್ರೈವರ್ ಗಾಡಿಯನ್ನು ಹಳ್ಳಕ್ಕೆ ಇಂಚಿಂಚಾಗಿ ಇಳಿಸಿದ. ಮುಂದಿನ ಗಾಲಿಗಳು ದಾಟಿದವು. ಹಿಂದಿನ ಎಡಗಾಲಿ ಒಂದು ಬಂಡೆಯನ್ನು ಹತ್ತಿತು, ಬಂಡೆ ಮಗುಚಿತು, ಗಾಡಿ ದೊಪ್ಪನೆ ಬಿತ್ತು. ಒಳಗೆ ಎಂಟು ಜನರ ಉಸಿರು ಒಟ್ಟಿಗೆ ನಿಂತಿತು. ಅಕ್ಕನ ಬಾಯಿಂದ ಸಣ್ಣದೊಂದು ಶಬ್ದ ಬಂತು, ನೀರಿನಲ್ಲಿ ಮುಳುಗುವ ಕೊಡದ ಸದ್ದಿನಂತೆ.

"ಅಕ್ಕಾ! ಇದು ಯಾವುದು?"

ಒಂದು ಕ್ಷಣ. "ಮೂರನೇದು."

ಸರಿಯಾಗಿತ್ತು. ಜಲ್ಲಿಯ ಹೆಂಗಸು ಕಣ್ಣುಮುಚ್ಚಿ ದೇವರ ಹೆಸರು ಹೇಳಿದಳು. ಡಾಕ್ಟರಮ್ಮನ ಭುಜಗಳು ಸಡಿಲವಾದವು. ಗಾಡಿ ದಡ ಹತ್ತಿತು.

"ಇದು?"

"ನಾಲ್ಕನೇದು."

ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲಿತು. ಬೀಳದಂತೆ ಅವನು ಮೇಲಿನ ಕಂಬಿಯನ್ನು ಹಿಡಿದ. ಬಾಯಿ ಮಾತ್ರ ರೂಢಿಯಂತೆ ಕೇಳಿತು, "ಇದು?"

"ಕಿರುಬೆರಳು," ಎಂದಳು ಅಕ್ಕ.

ಅವನ ಕೈ ಕಂಬಿಯ ಮೇಲಿತ್ತು.

ಅವನು ಅದನ್ನು ನಿಧಾನವಾಗಿ ಇಳಿಸಿ, ಅವಳ ಕಿರುಬೆರಳನ್ನು ಉಗುರಿನಿಂದ ಒತ್ತಿದ. ತನ್ನ ಉಗುರಿಗೇ ನೋವಾಗುವಷ್ಟು ಒತ್ತಿದ. ಈ ಸಲ 'ಇದು?' ಎಂದು ಕೇಳಲಿಲ್ಲ. ಅಕ್ಕ ಸೂರನ್ನು ನೋಡುತ್ತ ಮುಂದಿನ ಪ್ರಶ್ನೆಗೆ ಕಾಯುತ್ತಿದ್ದಳು.

"ಸರಿ ತಾನೆ?" ಎಂದಳು.

"ಸರಿ ಅಕ್ಕಾ."

ಡಾಕ್ಟರಮ್ಮ ತಲೆಯೆತ್ತಿ ಅವನ ಮುಖ ನೋಡಿದಳು. ಅವನು ನೋಡಲಿಲ್ಲ. ಎರಡೂ ಪಾದಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಕೂತ.

ದಾರಿಯಲ್ಲಿ ಮತ್ತೆ ಕಲ್ಲುಗಳು ಶುರುವಾದವು. ಪ್ರತಿ ಕಲ್ಲು ಬರುವ ಮುಂಚೆ ಹಂಡೆ ಮುಂದಿನ ಕಿಂಡಿಯಲ್ಲಿ ಇಣುಕಿ, "ಬಂತು, ಕೂತ್ಕೊಳ್ಳಿ!" ಎನ್ನುತ್ತಿದ್ದ. ಎಂಟೂ ಜನ ಬೆಂಚಿನ ಅಂಚನ್ನು ಹಿಡಿದು, ಉಸಿರು ಬಿಗಿಹಿಡಿದು, ಇದ್ದ ತೂಕವನ್ನೆಲ್ಲ ಕೆಳಕ್ಕೆ ಅದುಮುತ್ತಿದ್ದರು.