ಅಳಿಸಿದ ಹನ್ನೊಂದು ಸಾಲು

ಐಸ್‌ಕ್ರೀಮ್ ಡಬ್ಬಿ ತಂದವಳು ತಂಗಿಯೇ. ಅಕ್ಕ ಏಳು ತಿಂಗಳ ಬಸುರಿ. ಹೊರಗಿನ ತಣ್ಣನೆಯ ತಿನಿಸು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದಳು.

"ಎಷ್ಟು ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದ್ರೆ ಎಷ್ಟು ಜನಕ್ಕೆ ಕಾಯಿಲೆ ಬರುತ್ತೆ ಅಂತ ಲೆಕ್ಕ ಹಾಕೋದೇ ನನ್ನ ಕೆಲಸ ಅಲ್ವಾ ಅಕ್ಕ? ಈ ಮಾಲು ನಮ್ಮ ಲ್ಯಾಬಲ್ಲೇ ಪಾಸಾಗಿದೆ. ತಿನ್ನು," ಎಂದು ತಂಗಿ ಅವಳ ಕೈಗೆ ಚಮಚ ತುರುಕಿದ್ದಳು.

"ಲೆಕ್ಕದಮ್ಮ ಹೇಳಿದ್ಮೇಲೆ ಮುಗೀತು," ಎಂದು ಅಕ್ಕ ನಕ್ಕು, ಬಟ್ಟಲು ಬಳಿದು ತಿಂದಿದ್ದಳು.

ಮೂರು ವಾರಕ್ಕೆ ಅಕ್ಕನಿಗೆ ಜ್ವರ ಬಂತು. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಎರಡೇ ದಿನದಲ್ಲಿ ದಿನ ತುಂಬದ ಗಂಡುಮಗು ಹೊರಬಂದು ಗಾಜಿನ ಪೆಟ್ಟಿಗೆ ಸೇರಿತು. ಭಾವ ಮನೆಗೆ ಹೋಗಿ, ಫ್ರೀಜರಿನಲ್ಲಿ ಉಳಿದಿದ್ದ ಅರ್ಧ ಡಬ್ಬಿ ತಂದು ಲೆಕ್ಕದಮ್ಮನ ಕೈಗಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಡಬ್ಬಿ ಲ್ಯಾಬಿನ ಚುಕ್ಕೆ ಮೇಷ್ಟ್ರ ಮೇಜಿಗೆ ಹೋಯಿತು. ಗಾಜಿನ ತಟ್ಟೆಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಚುಕ್ಕೆಗಳನ್ನು ಇಪ್ಪತ್ತೆಂಟು ವರ್ಷದಿಂದ ಎಣಿಸುತ್ತಿರುವ ಮನುಷ್ಯ ಅವರು. ನಾಲ್ಕನೆಯ ದಿನ ಕರೆದು, "ತಟ್ಟೆ ಮೇಲೆ ಒಂದೂ ಚುಕ್ಕೆ ಇಲ್ಲಮ್ಮ," ಎಂದರು.

ಅವಳಿಗೆ ಹೋದ ಜೀವ ಬಂದಂತಾಯಿತು. "ಅಂದ್ರೆ ಸೊನ್ನೆ."

"ಸೊನ್ನೆ ಅಂತ ನಾನು ಯಾವತ್ತು ಬರೆದಿದ್ದೀನಿ? ಪತ್ತೆಯಾಗಿಲ್ಲ ಅಂತ ಬರೀತೀನಿ. ಗ್ರಾಮಿಗೆ ಹತ್ತಕ್ಕಿಂತ ಕಮ್ಮಿ ಇದ್ರೆ ನನ್ನ ತಟ್ಟೆಗೆ ಕಾಣಿಸಲ್ಲ. ಅದಕ್ಕೇ ಅದೇ ಐಸ್‌ಕ್ರೀಮನ್ನ ಎರಡು ದಿನ ಬ್ಯಾಕ್ಟೀರಿಯಾಕ್ಕೆ ಆಹಾರವಾಗೋ ಸಾರದಲ್ಲಿಟ್ಟು ಬೆಳೆಸಿದೆ. ಬಂತು. ನಿಮ್ಮಕ್ಕನ ರಕ್ತದಲ್ಲಿ ಸಿಕ್ಕಿದ್ದರ ಜೊತೆ ಹೋಲಿಸಿದ್ದೂ ಆಯ್ತು. ಅದೇ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಟ್ಟಲು ಹಿಡಿದಿದ್ದು ಇನ್ನೂರು ಗ್ರಾಂ. ಗ್ರಾಮಿಗೆ ಒಂಬತ್ತೆಂದರೂ ಸಾವಿರದೆಂಟುನೂರು ಬ್ಯಾಕ್ಟೀರಿಯಾ ಅಕ್ಕನ ಹೊಟ್ಟೆ ಸೇರಿರಬಹುದು. ಅದನ್ನು ಅವಳು ಸೊನ್ನೆ ಎನ್ನುತ್ತಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಕೈತಪ್ಪು ಎನ್ನಬಹುದಿತ್ತು. ಆರು ತಿಂಗಳ ಹಿಂದೆ, ರೋಗಿಗೊಂದು ಸಾಲಿನಂತೆ ಬರೆದ ಹಳೆಯ ಪ್ರಕರಣಗಳ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕುವಾಗ, 'ಪತ್ತೆಯಾಗಿಲ್ಲ' ಎಂದಿದ್ದ ಕಡೆಯೆಲ್ಲ ಅವಳು ಸೊನ್ನೆ ತುಂಬಿದ್ದಳು. ಕಂಪ್ಯೂಟರಿಗೆ ಅಂಕಿ ಬೇಕಲ್ಲ! ಆಗ ಹನ್ನೊಂದು ಸಾಲು ತಕರಾರು ತೆಗೆದವು: ಹೊಟ್ಟೆಗೆ ಹೋದದ್ದು ಸೊನ್ನೆ, ಆದರೂ ಕಾಯಿಲೆ ಬಂದಿದೆ. ಬೇರೆಲ್ಲೋ ತಿಂದು ಬಂದು ಇಲ್ಲಿ ಹೆಸರು ಬರೆಸಿದ್ದಾರೆ ಎಂದು ಗೊಣಗಿ ಹನ್ನೊಂದನ್ನೂ ಅಳಿಸಿಬಿಟ್ಟಳು. ಆಮೇಲೆ ಅಪಾಯ ತೋರಿಸುವ ಗ್ರಾಫಿನ ಗೆರೆ ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ, ಲ್ಯಾಬಿನ ಮುಖ್ಯಸ್ಥರು ಬೆನ್ನು ತಟ್ಟಿದರು. ಬ್ಯಾಕ್ಟೀರಿಯಾ ಕಡಿಮೆಯಿರುವ ಕಡೆ ಗೆರೆ ನೆಲಕ್ಕೆ ಅಂಟಿಕೊಂಡಿತ್ತು, ಅಂದರೆ ಅಪಾಯವಿಲ್ಲ. ಅದನ್ನು ನಂಬಿಯೇ ಡಬ್ಬಿ ಕೊಂಡಿದ್ದಳು.

ಈಗ ಹಳೆಯ ಕಡತ ಕೆದಕಿ ಆ ಹನ್ನೊಂದು ಸಾಲು ತೆಗೆದಳು. ಏಳು ಮಂದಿ ಬಸುರಿಯರು. ಮೂವರು ಎಂಬತ್ತು ದಾಟಿದವರು. ಒಬ್ಬ ಕ್ಯಾನ್ಸರಿನ ಔಷಧಿ ತೆಗೆದುಕೊಳ್ಳುತ್ತಿದ್ದವನು. ಎಲ್ಲ ಪಕ್ಕದ ಕಾಲಮ್ಮಿನಲ್ಲೇ ಬರೆದಿತ್ತು. ಕತ್ತು ತಿರುಗಿಸಿ ನೋಡುವ ವ್ಯವಧಾನ ಮಹಾರಾಯ್ತಿಗೆ ಇರಲಿಲ್ಲ, ಅಷ್ಟೆ. 'ಹತ್ತಕ್ಕಿಂತ ಕಡಿಮೆ' ಎಂದೇ ಲೆಕ್ಕಕ್ಕೆ ಹಿಡಿದು ಅವರನ್ನು ವಾಪಸ್ ಸೇರಿಸಿದಳು. ಗೆರೆ ನೆಲ ಬಿಟ್ಟು ಎದ್ದಿತು.

ಹಳೆಯ ಗೆರೆ ನಂಬಿ ಬರೆದ ವರದಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಮುಖ್ಯಸ್ಥರ ಮುಂದೆ ನಿಂತಳು. "ನಾಳೆ ಆಹಾರ ಸುರಕ್ಷತಾ ಸಮಿತಿ ಮುಂದೆ ಇಡೋ ವರದಿ ಇದು," ಎಂದರು ಅವರು. "ಆ ಮಾಲು ಅಂಗಡಿಗಳಿಂದ ವಾಪಸ್ ತರಿಸ್ತಾ ಇದ್ದೀವಲ್ಲ, ಸಾಲ್ದಾ? ಹನ್ನೊಂದು ಜನಕ್ಕೋಸ್ಕರ ವರದಿನೂ ವಾಪಸ್ ತಗೊಂಡ್ರೆ ಹೆಸರು ಕೆಡೋದು ನಿನ್ನದೇ."

"ಕೆಡಲಿ ಸರ್," ಎಂದು ಅವಳು ಚೀಲ ಹೆಗಲಿಗೇರಿಸಿ ಆಸ್ಪತ್ರೆಗೆ ನಡೆದಳು.

ಅಕ್ಕ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಮಗುವಿಗೆಂದು ಹಿಂಡಿದ ಹಾಲು ಪಕ್ಕದ ಬಾಟಲಿಯಲ್ಲಿ ಎರಡು ಬೆರಳಷ್ಟಿತ್ತು.

"ಐಸ್‌ಕ್ರೀಮಲ್ಲೇ ಇತ್ತಾ?" ಎಂದು ಕೇಳಿದಳು.

ಗೊತ್ತಾಗಲಿಲ್ಲ ಎಂದುಬಿಟ್ಟಿದ್ದರೆ ಅಕ್ಕ ನಂಬುತ್ತಿದ್ದಳು. ಅವಳು ಹೇಳಿದ್ದನ್ನೆಲ್ಲ ಅಕ್ಕ ನಂಬುತ್ತಾಳೆ, ಸಂಕಟವೇ ಅದು.

"ಇತ್ತು ಅಕ್ಕ. ನಾನೇ ತಿನ್ಸಿದ್ದು. ನಿನ್ನಂಥವರು ಹನ್ನೊಂದು ಜನ ನನ್ನ ಪಟ್ಟೀಲಿದ್ರು. ಲೆಕ್ಕಕ್ಕೆ ಅಡ್ಡ ಬರ್ತಾರೆ ಅಂತ ಅಳಿಸಿದ್ದೆ."

ಅಕ್ಕ ಗೋಡೆಯ ಕಡೆ ತಿರುಗಿದಳು. ನರ್ಸ್ ಬಂದು ಬಾಟಲಿ ತೆಗೆದುಕೊಂಡು ಹೋದರೂ ತಿರುಗಲಿಲ್ಲ.

"ಈಗ ನನ್ನೂ ಬರೀತೀಯಾ?" ಎಂದು ಗೋಡೆಗೇ ಕೇಳಿದಳು.

"ಹೂಂ. ಒಂದು ಸಾಲು."

"ಅವನಿಗೂ ಒಂದು ಸಾಲು ಬರಿ. ಬದುಕಿದ್ರೂ ಬರಿ, ಇಲ್ದಿದ್ರೂ ಬರಿ. ಅಳಿಸಬೇಡ."

ತಂಗಿಗೆ ಅಳು ಒತ್ತರಿಸಿಕೊಂಡು ಬಂತು. ಅಕ್ಕ ಅವಳನ್ನು ಸಮಾಧಾನ ಮಾಡಲಿಲ್ಲ. ಲೆಕ್ಕದಮ್ಮ ಎಂದು ಕರೆಯಲೂ ಇಲ್ಲ.