ಹೆದ್ದಾರಿ ನುಂಗಿದ ಅಡುಗೆಮನೆ

ಹತ್ತಿಗಿರಣಿಯ ಲಾರಿಗಳು ಸಲೀಸಾಗಿ ಓಡಾಡಲೆಂದು ಸರ್ಕಾರ ಊರೊಳಗಿನ ಎರಡು ಮೈಲಿ ಹೆದ್ದಾರಿಯನ್ನು ಅಗಲ ಮಾಡಿದಾಗ, ಪೋರ್ಚುಗೀಸರ ಕೇರಿಯಲ್ಲಿದ್ದ ಇಡಾಲಿನಾಳ ತವರುಮನೆ ನೆಲಸಮವಾಯಿತು. ಮರುವರ್ಷವೇ ಆ ದರಿದ್ರ ಗಿರಣಿ ಬಾಗಿಲು ಹಾಕಿತು. ಎಷ್ಟೋ ವರ್ಷಗಳ ಮೇಲೆ, ಈಗ ಊರಿಗೆ ಹಳೆಯ ಕಳೆ ತರುತ್ತೇವೆಂದು ನಗರಸಭೆಯವರು ಅದೇ ರಸ್ತೆಯನ್ನು ಕಿರಿದು ಮಾಡಿ, ಉಳಿದ ಜಾಗದಲ್ಲಿ ಗಿಡ ನೆಟ್ಟು ಬೆಂಚು ಹಾಕಿದ್ದರು. ಎದುರಿನ ಚರ್ಚಿನ ಗೋಪುರದ ಗುರುತು ಹಿಡಿದು, ಅಮ್ಮನ ಅಡುಗೆಮನೆ ಇದ್ದದ್ದು ಇಲ್ಲೇ ಎಂದು ಖಾತ್ರಿ ಮಾಡಿಕೊಂಡ ಮುದುಕಿ ಇಡಾಲಿನಾ, ಬೆಂಚಿನ ಮೇಲೆ ಕೂತು ಸೊಪ್ಪಿನ ಸೂಪಿನ ಡಬ್ಬಿ ಬಿಚ್ಚಿದಳು.

ಪೊಲೀಸಿನವನು ಬಂದ. “ಅಜ್ಜಿ, ಇಲ್ಲಿ ಊಟಗೀಟ ಮಾಡೋ ಹಾಗಿಲ್ಲ. ಬೋರ್ಡು ಕಾಣ್ಲಿಲ್ವಾ? ಏಳಿ, ಏಳಿ.”

“ಏಳ್ತೀನಪ್ಪ,” ಎಂದು ಅವಳು ಮುಚ್ಚಳ ಹಾಕಿದಳು. “ಹೋದ ಸಲ ಇಲ್ಲಿಂದ ಎಬ್ಬಿಸಿದಾಗ್ಲೂ ನಿಮ್ಮೋರು ಊಟ ಮುಗಿಸೋಕೆ ಬಿಡ್ಲಿಲ್ಲ.”